ಫುಲ್ ಸಿಗ್ನಲ್ ಇದೆ, ಕಾಲ್ ಮಾತ್ರ ಹೋಗಲ್ಲ

ಗುಂಪು: 4 ಮತ್ತು 5ನೇ ಕ್ರಾಸ್ ನಿವಾಸಿಗಳು

ಸೋಮವಾರ

ನಂ. 41 (ಬೆಳಿಗ್ಗೆ 5:52): ರಾತ್ರಿ 1:40ಕ್ಕೆ ನಮ್ಮ ಮಾವನವರು ಬಾತ್‌ರೂಮಲ್ಲಿ ಜಾರಿ ಬಿದ್ರು. ತಲೆ ಒಡೆದು ರಕ್ತ. ನನ್ನ ಫೋನಲ್ಲಿ ಫುಲ್ ಕಡ್ಡಿ. 108ಕ್ಕೆ ಹನ್ನೊಂದು ಸಲ ಹೊಡ್ದೆ, ಒಂದ್ಸಲನೂ ರಿಂಗ್ ಆಗ್ಲಿಲ್ಲ. ಅತ್ತೆ ಫೋನೂ ಅದೇ, ನಮ್ಮನೆಯವರ ಫೋನೂ ಅದೇ. ನೈಟಿಯಲ್ಲೇ ರೋಡಿಗೆ ಓಡಿ ಫೋನ್ ಎತ್ತಿ ಹಿಡ್ಕೊಂಡು ನಿಂತಿದ್ದೆ. ಅಷ್ಟ್ರಲ್ಲಿ ಕರೆಂಟ್ ಹೋಯ್ತು. ಅದೇ ನಿಮಿಷ ಕಾಲ್ ಕನೆಕ್ಟ್ ಆಯ್ತು! ಏಳು ಹೊಲಿಗೆ ಬಿದ್ದಿದೆ. ಯುಗಾದಿಯಿಂದ ಹೇಳ್ತಾನೇ ಇದೀನಿ, ಎಲ್ರೂ "ನಮಗೂ ಹಾಗೇ" ಅಂತೀರಿ, ಸುಮ್ನಾಗ್ತೀರಿ. ಇವತ್ತು ಸುಮ್ನಿರೋಕೆ ನನ್ನಿಂದ ಆಗಲ್ಲ.

ನಂ. 22: ಅಯ್ಯೋ ಅಕ್ಕಾ, ಬಾಗಿಲು ತಟ್ಟಬಾರದಿತ್ತಾ? ಈಗ ಹೇಗಿದ್ದಾರೆ?

ನಂ. 41: ಮಲಗಿದ್ದಾರೆ. ಮಾತಾಡ್ತಿದ್ದಾರೆ.

ನಂ. 8: 🌺 ಶುಭೋದಯ. ಈ ದಿನ ನಿಮಗೆ ನೆಮ್ಮದಿ ತರಲಿ 🌺

ನಂ. 22: ಅಂಕಲ್, ದಯವಿಟ್ಟು ಮೇಲಿನ ಮೆಸೇಜ್ ಓದಿ.

ನಂ. 8: ಈಗ ನೋಡ್ದೆ ಮಗಳೇ. ಕ್ಷಮಿಸು. ಆಸ್ಪತ್ರೆಗೆ ಹೋಗೋದಿದ್ರೆ ಕಾರು ಇದೆ, ಯಾವಾಗ ಬೇಕಾದ್ರೂ ಕೇಳು.

ನಂ. 3 (ಮಾಜಿ ಕಾರ್ಯದರ್ಶಿ): ಇದಕ್ಕೆಲ್ಲ ಯಾರು ಕಾರಣ ಅಂತ ನಾನು ಹೇಳ್ತೀನಿ. ನಂ. 30ರ ಟೆರೇಸ್ ಮೇಲೆ ಟವರ್ ಹಾಕ್ತೀವಿ ಅಂತ ಬಂದಾಗ ಬೇಡ ಅಂತ ಸಹಿ ಹಾಕಿದ್ದು ಯಾರು? ಆ ಪಟ್ಟಿ ಇವತ್ತಿಗೂ ನನ್ನ ಬೀರುವಿನಲ್ಲಿದೆ. 41ರ ಸಹಿಯೂ ಅದರಲ್ಲಿದೆ.

ನಂ. 41: ಆಗ ನನ್ನ ಮಗು ಎಂಟು ತಿಂಗಳದ್ದು ಸಾರ್. ಹೆದರಿಕೆ ಇತ್ತು, ಹಾಕ್ದೆ.

ನಂ. 14: *ಫಾರ್ವರ್ಡ್ ಮಾಡಲಾಗಿದೆ* ಗುಬ್ಬಚ್ಚಿಗಳು ಎಲ್ಲಿ ಹೋದವು? ಟವರ್ ಹತ್ತಿರ ವಾಸಿಸುವವರು ತಪ್ಪದೇ ಓದಿ, 10 ಜನರಿಗೆ ಕಳಿಸಿ…

ನಂ. 17 (ಹ್ಯಾಮ್ ಅಂಕಲ್, ಅಂದ್ರೆ ಹವ್ಯಾಸಿ ರೇಡಿಯೊ ನಡೆಸುವವರು): ಟವರ್ ವಿಕಿರಣದ ಮಿತಿಯನ್ನ ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್‌ನಲ್ಲೇ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದ್ರು. ಟವರ್‌ಗಳ ಮಾಹಿತಿ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಯಾರು ಬೇಕಾದ್ರೂ ನೋಡಬಹುದು. ಆ ಜಗಳ ಇವತ್ತು ಬೇಡ.

41ರವರು ಬರೆದ ಒಂದು ಸಾಲು ಎಲ್ರೂ ಇನ್ನೊಮ್ಮೆ ಓದಿ: ಕರೆಂಟ್ ಹೋದ ನಿಮಿಷಕ್ಕೆ ಕಾಲ್ ಹೋಯ್ತು. ಅಂದ್ರೆ ನಮ್ಮಲ್ಲೇ ಯಾವುದೋ ಮನೆಯಲ್ಲಿ ಪ್ಲಗ್‌ಗೆ ಹಾಕಿರೋ ಒಂದು ಪೆಟ್ಟಿಗೆ ಇದೆ. ನನ್ನ ಅನುಮಾನ ಬೂಸ್ಟರ್ ಮೇಲೆ.

ನಂ. 22: ಬೂಸ್ಟರ್ ಸಿಗ್ನಲ್ ಜಾಸ್ತಿ ಮಾಡೋದಲ್ವಾ ಅಂಕಲ್?

ನಂ. 17: ಹಾಕಿಸ್ಕೊಂಡವರಿಗೆ ಮಾಡುತ್ತೆ. ಗಣಪತಿ ಪೆಂಡಾಲಲ್ಲಿ ಮೈಕನ್ನ ಸ್ಪೀಕರ್ ಮುಂದೆ ಹಿಡಿದ್ರೆ ಕುಂಯ್ ಅಂತ ಕೂಗುತ್ತಲ್ಲ, ಅದೇ ಕತೆ. ಟೆರೇಸ್ ಮೇಲಿನ ಆಂಟೆನಾನೂ ಒಳಗಿನ ಆಂಟೆನಾನೂ ಹತ್ರ ಇದ್ರೆ ಪೆಟ್ಟಿಗೆ ತನ್ನ ದನಿಯನ್ನ ತಾನೇ ಕೇಳಿಸ್ಕೊಂಡು ಕೂಗೋಕೆ ಶುರು ಮಾಡುತ್ತೆ. ಆ ಕೂಗು ಟವರಿನ ಕಿವಿಗೆ ಬಡಿಯುತ್ತೆ. 900 ಮೆಗಾಹರ್ಟ್ಸ್ ಬ್ಯಾಂಡಲ್ಲಿ ನಮ್ಮ ಫೋನ್ ಟವರ್‌ಗೆ ಮಾತಾಡೋದು 890ರಿಂದ 915ರೊಳಗೆ, ಟವರ್ ನಮಗೆ ಮಾತಾಡೋದು 935ರಿಂದ 960ರೊಳಗೆ. ಟವರ್ ಹೇಳೋದು ನಮಗೆ ಚೆನ್ನಾಗಿ ಕೇಳುತ್ತೆ, ಅದಕ್ಕೇ ಫುಲ್ ಕಡ್ಡಿ. ನಾವು ಹೇಳೋದು ಅದಕ್ಕೆ ಕೇಳಲ್ಲ.

ನಂ. 35: ನಮ್ಮನೇಲೂ ಇದೇ ಪರಿಸ್ಥಿತಿ. ನಾನು ಹೇಳೋದು ಯಾರಿಗೂ ಕೇಳಲ್ಲ 😄

ನಂ. 22: 😄😄

ನಂ. 41: ನಗಬೇಡಿ, ಪ್ಲೀಸ್.

ನಂ. 35: ಸಾರಿ ಮೇಡಂ.

ನಂ. 3: ನಾಳೆನೇ ವಾರ್ಡ್ ಆಫೀಸಿಗೆ ನುಗ್ಗೋಣ. ನಾನು ಮುಂದೆ ಇರ್ತೀನಿ.

ನಂ. 17: ಸಾರ್, ರೇಡಿಯೊ ತರಂಗ ಕೇಂದ್ರದ ವಿಷಯ, ಪಾಲಿಕೆ ಇದರಲ್ಲಿ ಏನೂ ಮಾಡೋಕಾಗಲ್ಲ. 1933ರ ವೈರ್‌ಲೆಸ್ ಕಾಯ್ದೆ ಕಾಲದಿಂದಲೂ ಹಾಗೇ. ಪರವಾನಗಿ ಇರೋ ಮೊಬೈಲ್ ಕಂಪನಿ ಬಿಟ್ಟು ಬೇರೆ ಯಾರೂ ಬೂಸ್ಟರ್ ಇಟ್ಕೊಳ್ಳೋ ಹಾಗಿಲ್ಲ, ಮಾರೋ ಹಾಗಿಲ್ಲ ಅಂತ ದೂರಸಂಪರ್ಕ ಇಲಾಖೆ 2022ರ ಜುಲೈನಲ್ಲಿ ಸ್ಪಷ್ಟವಾಗಿ ಹೇಳಿದೆ. ದೂರು ಹೋಗಬೇಕಾದ್ದು ಎರಡು ಕಡೆ. ಒಂದು, ನಮ್ಮ ನಮ್ಮ ಮೊಬೈಲ್ ಕಂಪನಿಗೆ. ಇನ್ನೊಂದು, ಇಲಾಖೆಯ ಕರ್ನಾಟಕ ವಲಯದ ಕಚೇರಿಗೆ. ಇಲಾಖೆಯಲ್ಲಿ ವೈರ್‌ಲೆಸ್ ಮಾನಿಟರಿಂಗ್‌ಗೆ ಅಂತಲೇ 1952ರಿಂದ ಒಂದು ಸಂಸ್ಥೆ ಇದೆ, ಬೆಂಗಳೂರಲ್ಲೂ ಅವರ ಸ್ಟೇಷನ್ ಇದೆ. ದಿಕ್ಕು ಹಿಡಿಯೋ ಆಂಟೆನಾ ತಂದು ಯಾವ ಕಟ್ಟಡ ಅಂತ ಪತ್ತೆ ಹಚ್ಚೋದೇ ಅವರ ಕೆಲಸ. ಆದರೆ ಒಬ್ಬರು ಬರೆದ್ರೆ ನಿಮ್ಮ ಫೋನೇ ಸರಿಯಿಲ್ಲ ಅಂತಾರೆ. ಇಪ್ಪತ್ತು ಮನೆ, ದಿನಾಂಕ, ಗಂಟೆ, ಯಾವ ಸಿಮ್, ಆಗ ಕರೆಂಟ್ ಇತ್ತಾ ಇಲ್ವಾ, ಇಷ್ಟು ಬರೆದು ಕೊಟ್ರೆ ತಳ್ಳಿಹಾಕೋಕೆ ಆಗಲ್ಲ.

ನಂ. 41: ವಾಚ್‌ಮ್ಯಾನ್ ಹತ್ರ ಒಂದು ನೋಟ್‌ಬುಕ್ ಇಟ್ಟಿದೀನಿ, ಗೆರೆ ಎಳೆದು ಕಾಲಂ ಹಾಕಿದೀನಿ. ದಯವಿಟ್ಟು ಎಲ್ರೂ ಬರೀರಿ.

ನಂ. 19: ಅದುವರೆಗೆ ಎಲ್ರೂ ವೈಫೈ ಕಾಲಿಂಗ್ ಆನ್ ಮಾಡ್ಕೊಳ್ಳಿ. ಬೂಸ್ಟರ್ ಇಟ್ಟವರಿಗೂ ಅದೇ ಸಾಕು, ಪೆಟ್ಟಿಗೆ ಯಾಕೆ ಬೇಕು?

ನಂ. 41: ನಮ್ಮಲ್ಲಿ ಅತ್ತೆ, ಮಾವ ಇಬ್ಬರದ್ದೂ ಬಟನ್ ಫೋನ್.

ಮಂಗಳವಾರ

ನಂ. 17: ನಿನ್ನೆ ಸಂಜೆ ಆ ಕೂಗು ಹುಡುಕ್ತಾ ಒಂದು ಗಂಟೆ ಹೊತ್ತು ಓಡಾಡ್ದೆ. ಕೈಯಲ್ಲಿ ಹಿಡಿಯೋ ಚಿಕ್ಕ ರೇಡಿಯೊ ರಿಸೀವರನ್ನ ಎದೆಗೆ ಒತ್ತಿ ಹಿಡ್ಕೊಂಡು ನಿಂತಲ್ಲೇ ಸುತ್ತ ತಿರುಗಬೇಕು. ಕೂಗು ಬೆನ್ನ ಹಿಂದೆ ಬಂದಾಗ ನಮ್ಮ ಮೈಯೇ ಅಡ್ಡ ಆಗಿ ದನಿ ಇಳಿಯುತ್ತೆ. ಹಾಗೆ ನಾಲ್ಕು ಜಾಗದಲ್ಲಿ ನೋಡ್ದೆ. ಪಾರ್ಕ್ ಮೂಲೆಯಲ್ಲಿ ಏನೂ ಇಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ಈಚೆಗೆ, 4ನೇ ಕ್ರಾಸಿನ ಮೂರು ಕಟ್ಟಡಗಳ ಮುಂದೆ ಜೋರಾಗಿದೆ. ಯಾವ ಮನೆ ಅಂತ ಇಲ್ಲಿ ಬರೆಯಲ್ಲ, ತಪ್ಪಾಗಿದ್ರೆ ಒಬ್ಬರ ಮರ್ಯಾದೆ ಹೋಗುತ್ತೆ. ಭಾನುವಾರ ಬೆಳಿಗ್ಗೆ ಆ ಮೂರೂ ಕಟ್ಟಡದವರು ಒಬ್ಬರಾದ ಮೇಲೆ ಒಬ್ಬರು ಐದೈದು ನಿಮಿಷ ಮೇನ್ ಸ್ವಿಚ್ ಆಫ್ ಮಾಡಿದ್ರೆ ಸಾಕು, ಗೊತ್ತಾಗುತ್ತೆ.

ನಂ. 3: ಯಾರ ಮನೆ ಮೇನ್ ಸ್ವಿಚ್ ಆಫ್ ಮಾಡಿ ಅನ್ನೋಕೆ ನೀವ್ಯಾರು? ಮೊದಲು ನಿಮ್ಮ ಟೆರೇಸ್ ಮೇಲಿರೋ ಆ ಉದ್ದನೆ ಕಂಬ ಇಳಿಸಿ. ನನಗೇನೋ ಅದರ ಮೇಲೇ ಅನುಮಾನ.

ನಂ. 17: ನನ್ನ ಹತ್ರ ಹ್ಯಾಮ್ ಲೈಸೆನ್ಸ್ ಇದೆ. ಆ ಕಂಬಕ್ಕೆ ಜೋಡಿಸೋ ದೊಡ್ಡ ಸೆಟ್ ಮೂರು ವಾರದಿಂದ ರಿಪೇರಿಗೆ ಹೋಗಿದೆ, ಆನ್ ಮಾಡೇ ಇಲ್ಲ. ಆದ್ರೂ ಭಾನುವಾರ ಮೊದಲು ನನ್ನ ಮನೆಯಿಂದಲೇ ಶುರು ಮಾಡೋಣ, ನೀವೇ ಬಂದು ಆಫ್ ಮಾಡಿ.

ನಂ. 22: ಅಂಕಲ್ ಅವತ್ತು ಮಳೆಗೆ ಲೈನೆಲ್ಲ ಬಿದ್ದಾಗ ರಾತ್ರಿಯಿಡೀ ನಮಗೋಸ್ಕರ ಓಡಾಡಿದವರು. ಅವರಿಗೆ ಹೀಗನ್ಬೇಡಿ ಸಾರ್.

ನಂ. 3: ನಾನು ಒಂಬತ್ತು ವರ್ಷ ಕಾರ್ಯದರ್ಶಿ ಆಗಿದ್ದೆ. ನನಗೆ ಹೇಳಿಕೊಡಬೇಡಿ.

ನಂ. 26: ನಮ್ಮ ಪಿಜಿಯಲ್ಲಿ ಹುಡುಗ್ರು ಒಳಗೆ ಸಿಗ್ನಲ್ ಇಲ್ಲ ಅಂದ್ರು ಅಂತ ಹೋದ ವರ್ಷ ಏನೋ ಒಂದು ಹಾಕ್ಸಿದ್ವಿ. ಅದು ಕಾನೂನುಬಾಹಿರ ಅಂತ ಹಾಕಿದವರು ಹೇಳ್ಲಿಲ್ಲ. ನೋಡ್ತೀನಿ.

ನಂ. 41: ಇವತ್ತೇ ನೋಡಿ ಅಣ್ಣಾ. ನಿಮ್ಮ ಕಾಲಿಗೆ ಬೀಳ್ತೀನಿ.

ನಂ. 26: ಎಲೆಕ್ಟ್ರಿಷಿಯನ್ ಊರಲ್ಲಿಲ್ಲ. ಬಂದ ತಕ್ಷಣ ತೆಗೆಸ್ತೀನಿ. ಆದರೆ ನಮ್ಮದು ಒಂದೇ ಅಲ್ಲ, ಎದುರು ಕಟ್ಟಡದಲ್ಲೂ ಇದೆ.

ನಂ. 29: ಎದುರು ಅಂದ್ರೆ? ನಮ್ಮದಾ? ಸಾಕ್ಷಿ ಇದ್ಯಾ?

(29 ಮತ್ತು 26ರ ನಡುವೆ ಮೂವತ್ತೆಂಟು ಮೆಸೇಜ್. ಅಡ್ಮಿನ್ ಎರಡು ಗಂಟೆ ಗುಂಪು ಮುಚ್ಚಿದರು.)

ಬುಧವಾರ

ನಂ. 14: ನಿನ್ನೆ ರಾತ್ರಿ ನಾಲ್ಕು ಸಲ ಕರೆಂಟ್ ಹೋಯ್ತು. ಫ್ರಿಜ್ಜಲ್ಲಿದ್ದ ದೋಸೆ ಹಿಟ್ಟೆಲ್ಲ ಹುಳಿ ಬಂದು ಉಕ್ಕಿದೆ.

ನಂ. 3: ಇದು ಟ್ರಾನ್ಸ್‌ಫಾರ್ಮರ್ ಸಮಸ್ಯೆ. ಅರವತ್ತು ಮನೆಗೆ ಹಾಕಿದ್ದಕ್ಕೆ ಇವತ್ತು ಮೂರು ಪಿಜಿ ಸೇರ್ಕೊಂಡಿವೆ. ಅರ್ಜಿ ರೆಡಿ ಮಾಡಿದೀನಿ, ಎಲ್ರೂ ಸಹಿ ಹಾಕಿ.

ನಂ. 29: 👍 ಇದು ಸರಿ ಸಾರ್.

ನಂ. 26: ಇದಕ್ಕೆ ನಮ್ಮ ಪೂರ್ತಿ ಬೆಂಬಲ.

ನಂ. 35: ಎಲ್ಲಿ ಸಹಿ ಹಾಕಬೇಕು?

ನಂ. 3: ವಾಚ್‌ಮ್ಯಾನ್ ಹತ್ರ. ಹಾಳೆ ಸಾಲ್ದೇ ಇದ್ರೆ ಅಲ್ಲೇ ಒಂದು ನೋಟ್‌ಬುಕ್ ಇದೆ, ಅದರಲ್ಲೇ ಹಾಕಿ.

ನಂ. 41: ಆ ನೋಟ್‌ಬುಕ್ ನಾನಿಟ್ಟಿದ್ದು ಸಾರ್. ಮೂರೇ ಮನೆಯವರು ಬರೆದಿದ್ದಾರೆ. ಟ್ರಾನ್ಸ್‌ಫಾರ್ಮರ್ ಬರಲಿ, ನಾನೂ ಸಹಿ ಹಾಕ್ತೀನಿ. ಆದರೆ ಆ ಪೆಟ್ಟಿಗೆಗಳು ಇರೋವರೆಗೆ ಕರೆಂಟ್ ಹೋದಾಗ ಮಾತ್ರ ನಮ್ಮನೆ ಫೋನ್ ಕೆಲಸ ಮಾಡೋದು. ಮೊದಲ ನಾಲ್ಕು ಪುಟ ಮಾತ್ರ ಬಿಡಿ, ಅದರಲ್ಲಿ ಸಹಿ ಹಾಕಬೇಡಿ.

ನಂ. 17: ನಾನು ಇವತ್ತು ಎರಡೂ ಕಡೆ ದೂರು ಬರೆದಿದೀನಿ ತಾಯಿ, ನನ್ನ ಹೆಸರಲ್ಲೇ. ಭಾನುವಾರ ಎಂಟಕ್ಕೆ ಟ್ರಾನ್ಸ್‌ಫಾರ್ಮರ್ ಹತ್ರ ಇರ್ತೀನಿ.

ನಂ. 22: ನಾನೂ ಬರ್ತೀನಿ.

ನಂ. 8: ನನಗೂ ಹೇಳಿ. ಕಾರಲ್ಲಿ ಟಾರ್ಚ್ ಇದೆ, ಮೀಟರ್ ರೂಮಲ್ಲಿ ಕತ್ತಲೆ.

ನಂ. 3: ಸಹಿ ಇಲ್ಲಿಯವರೆಗೆ 31. ಉಳಿದವರು ರಾತ್ರಿ ಎಂಟರೊಳಗೆ ಹಾಕಿ.