ಇಂಪಾಲಗಳು ಸರದಿ ಹಾಕಿಕೊಂಡು ಕತ್ತು ನೆಕ್ಕಿಕೊಳ್ಳುವುದು ಯಾಕೆ?

ತುಂಗೆ ದಡದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಮೂರು ವರ್ಷದಿಂದ ಜೋಹಾನ್ಸ್‌ಬರ್ಗ್‌ನಲ್ಲಿ ಇದ್ದೇವೆ. ಈ ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಕ್ರೂಗರ್ ಕಾಡಿಗೆ ಹೋಗಿದ್ದೆವು. ಎಲ್ಲರೂ ಸಿಂಹ ಹುಡುಕುತ್ತಿದ್ದರು. ನಾನು ಮಾತ್ರ ರಸ್ತೆ ಪಕ್ಕದ ಎರಡು ಇಂಪಾಲಗಳನ್ನು ನೋಡುತ್ತಾ ಕೂತುಬಿಟ್ಟೆ.

ಇಂಪಾಲ ನಮ್ಮ ಕೃಷ್ಣಮೃಗಕ್ಕಿಂತ ಸ್ವಲ್ಪ ದೊಡ್ಡದು. ಕಂದು ಮೈ, ತೆಳ್ಳನೆಯ ಕಾಲು. ಹೆಣ್ಣಿಗೆ ಕೊಂಬಿಲ್ಲ. ನಾನು ನೋಡಿದ ಎರಡೂ ಹೆಣ್ಣು. ಒಂದು ಇನ್ನೊಂದರ ಕತ್ತಿಗೆ ಬಾಯಿ ಹಾಕಿ, ಕೆಳಗಿನಿಂದ ಮೇಲಕ್ಕೆ ಬಾಚಿದ ಹಾಗೆ ಎಳೆಯಿತು. ನನ್ನ ಮಗಳು ಬೆರಳು ಮಡಚಿ ಎಣಿಸಿದಳು. ಎಂಟು ಸಲ. ಆಮೇಲೆ ಅದು ನಿಲ್ಲಿಸಿ, ತಲೆ ಎತ್ತಿ ಸುಮ್ನೆ ನಿಂತಿತು. ಆಗ ಇನ್ನೊಂದು ಶುರು ಮಾಡಿತು. ಅದು ಏಳು ಸಲ ಎಳೆದು ನಿಲ್ಲಿಸಿತು. ಮತ್ತೆ ಮೊದಲನೆಯದು. ಹೀಗೇ ಐದಾರು ಸರದಿ ನಡೆಯಿತು. ಕೊನೆಗೆ ಒಂದು ತನ್ನ ಸರದಿ ಬಂದಾಗ ಹುಲ್ಲಿಗೆ ಬಾಯಿ ಹಾಕಿತು. ಇನ್ನೊಂದು ಒಂದು ಕ್ಷಣ ಕಾದು, ತನ್ನ ಪಾಡಿಗೆ ಹೊರಟಿತು.

ಮಗಳು, "ಅಮ್ಮಾ, ಅವು ಅಕ್ಕ ತಂಗಿನಾ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ. ಬರೀ ಕತ್ತು, ತಲೆ, ಕಿವಿ ಮಾತ್ರ ಯಾಕೆ ಅನ್ನುವುದೂ ತಿಳಿಯಲಿಲ್ಲ.

ಇನ್ನೊಂದು ಪ್ರಶ್ನೆ. ಅಲ್ಲೇ ಸ್ವಲ್ಪ ದೂರದಲ್ಲಿ ದೊಡ್ಡ ಕೊಂಬಿನ ಗಂಡು ಒಂದೇ ನಿಂತಿತ್ತು. ದುರ್ಬೀನಿನಲ್ಲಿ ನೋಡಿದೆ. ಅದರ ಕಿವಿಯೊಳಗೆ, ಕಣ್ಣಿನ ಹತ್ತಿರ, ಬೂದು ಮಣಿ ಪೋಣಿಸಿದ ಹಾಗೆ ಉಣುಗು ಕಚ್ಚಿಕೊಂಡಿದ್ದವು. ಹೆಣ್ಣುಗಳ ಕಿವಿ ಚೊಕ್ಕಟವಾಗಿದ್ದವು. ಆ ಗಂಡಿಗೆ ಕಾಯಿಲೆಯಾ? ಅದನ್ನು ನೋಡಿದ ಮೇಲೆ ಮನಸ್ಸು ತಡೆಯುತ್ತಿಲ್ಲ. ಯಾರಾದರೂ ಗೊತ್ತಿರುವವರು ಹೇಳಿ.

ಹಳೇ ಕೊಟ್ಟಿಗೆ ಉತ್ತರಿಸಿದ್ದು:

ತಂಗಿ, ಮೊದಲು ನಿಮ್ಮ ಮಗಳಿಗೆ ಶಾಭಾಸ್ ಹೇಳಿ. ಅವಳು ಎಣಿಸಿದ್ದೇ ಈ ವಿಷಯದ ಬೀಗದ ಕೈ.

ನಾನು ಪಶುಸಂಗೋಪನೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇದ್ದವನು. ಹೆಚ್ಚು ಕಾಲ ಸಾಗರ, ಸೊರಬದ ಹಳ್ಳಿಗಳಲ್ಲಿ. ಆಫ್ರಿಕಾ ನೋಡಿಲ್ಲ. ಆದರೆ ಉಣುಗನ್ನು ನೋಡಿದಷ್ಟು ಬೇರೇನನ್ನೂ ನೋಡಿಲ್ಲ. ನಿವೃತ್ತಿಯಾದ ಮೇಲೆ ಕಾಡುಪ್ರಾಣಿಗಳು ಇದರಿಂದ ಹೇಗೆ ಬಚಾವಾಗುತ್ತವೆ ಅಂತ ಓದುವುದೇ ನನ್ನ ಕೆಲಸವಾಗಿದೆ.

ನಿಮ್ಮ ಮನೆಯಲ್ಲಿ ದನ ಇದ್ದಿದ್ದರೆ ನೆನಪಿಸಿಕೊಳ್ಳಿ. ಉಣುಗು ಎಲ್ಲಿ ಜಾಸ್ತಿ ಇರುತ್ತಿತ್ತು? ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ. ಪಕ್ಕೆಯ ಮೇಲೆ ಕಡಿಮೆ. ಪಕ್ಕೆಗೆ ದನದ ನಾಲಿಗೆ ಮುಟ್ಟುತ್ತದೆ, ಕಿವಿಗೆ ಮುಟ್ಟುವುದಿಲ್ಲ. ಗೊರಸಿನ ಪ್ರಾಣಿಗಳ ಪಾಡೆಲ್ಲ ಇಷ್ಟೇ. ಮಂಗನಿಗಿರುವ ಹಾಗೆ ಅವಕ್ಕೆ ಕೈಯಿಲ್ಲ. ಇರುವುದು ನಾಲಿಗೆ, ಹಲ್ಲು, ಹಿಂಗಾಲಿನ ಗೊರಸು. ತನ್ನ ಕತ್ತನ್ನು ತಾನೇ ನೆಕ್ಕಿಕೊಳ್ಳಲು ಇಂಥ ಪ್ರಾಣಿಗಳಿಗೆ ಆಗದು. ಅದಕ್ಕೇ ಇಂಪಾಲ ಆ ಜಾಗಕ್ಕೆ ಇನ್ನೊಬ್ಬರನ್ನು ಹಿಡಿಯುತ್ತದೆ. ಉಳಿದ ಮೈಯನ್ನು ತಾನೇ ನೋಡಿಕೊಳ್ಳುತ್ತದೆ.

ಇನ್ನು ನಿಮ್ಮ ಮಗಳ ಎಣಿಕೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದ ಬೆಂಜಮಿನ್ ಹಾರ್ಟ್ ಮತ್ತು ಲಿನೆಟ್ ಹಾರ್ಟ್ ಎಂಬ ದಂಪತಿ ಇಂಪಾಲಗಳ ಈ ಕೊಡುಕೊಳ್ಳುವಿಕೆಯನ್ನು ಕೂತು ಎಣಿಸಿ 1992ರಲ್ಲಿ ಪ್ರಕಟಿಸಿದರು. ಒಂದು ಸರದಿಗೆ ಸುಮಾರು ಆರರಿಂದ ಹನ್ನೆರಡು ಎಳೆತ. ಆಮೇಲೆ ನಿಲುಗಡೆ. ಆಮೇಲೆ ಇನ್ನೊಂದರ ಸರದಿ. ಕೊನೆಗೆ ಲೆಕ್ಕ ಹಾಕಿದರೆ ಕೊಟ್ಟದ್ದು, ಪಡೆದದ್ದು ಹೆಚ್ಚುಕಮ್ಮಿ ಸಮ. ಅಕ್ಕ ತಂಗಿಯೇ ಆಗಿರಬೇಕು ಅಂತಿಲ್ಲ. ಹಿಂಡಿನ ಯಾವ ಎರಡು ಬೇಕಾದರೂ ಸೇರಿಕೊಳ್ಳುತ್ತವೆ. ನಮ್ಮೂರ ಮುಯ್ಯಾಳು ನೆನಪಾಗುತ್ತದೆ. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಆದರೆ ಇಂಪಾಲ ಇಡೀ ದಿನದ ಕೆಲಸವನ್ನು ಮುಂಗಡವಾಗಿ ಮಾಡಿಕೊಡುವುದಿಲ್ಲ. ಒಂದು ಹಿಡಿಯಷ್ಟು ಮಾಡಿ, ತಲೆ ಎತ್ತಿ ಕಾಯುತ್ತದೆ. ಇನ್ನೊಂದು ಕೈಕೊಟ್ಟರೂ ಕಳೆದುಕೊಂಡದ್ದು ಏಳೆಂಟು ಎಳೆತ ಮಾತ್ರ. ನೀವು ಕೊನೆಯಲ್ಲಿ ನೋಡಿದ್ದು ಅದನ್ನೇ.

ಅದು ಬಾಚಿದ ಹಾಗೆ ಕಂಡಿತು ಅಂದಿರಲ್ಲ, ನಿಜಕ್ಕೂ ಬಾಚುವುದೇ. ಮೆಲುಕು ಹಾಕುವ ಈ ಜಾತಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲು ಇರುವುದಿಲ್ಲ, ದನದ ಬಾಯಿ ತೆರೆದು ನೋಡಿದವರಿಗೆ ಗೊತ್ತು. ಕೆಳಗೆ ಎಂಟು. ಇಂಪಾಲದಲ್ಲಿ ನಡುವಿನ ಎರಡು ಅಗಲ, ಪಕ್ಕದವು ತೆಳ್ಳಗೆ ಬಾಚಣಿಗೆಯ ಹಲ್ಲಿನ ಹಾಗೆ. ಅವು ಒಸಡಿನಲ್ಲಿ ಗಟ್ಟಿಯಾಗಿ ಕೂತಿರುವುದಿಲ್ಲ, ಸ್ವಲ್ಪ ಅಲುಗುತ್ತವೆ. ಕೂದಲಿಗೆ ಒತ್ತಿ ಮೇಲಕ್ಕೆ ಎಳೆದಾಗ ಸಂದು ಬಿಡುತ್ತವೆ. ಕೂದಲು ಸಂದಿಯಲ್ಲಿ ಹಾದು ಹೋಗುತ್ತದೆ, ಉಣುಗು ಸಿಕ್ಕಿಕೊಂಡು ಕಿತ್ತು ಬರುತ್ತದೆ.

ಇದರಿಂದ ಎಷ್ಟು ಉಪಯೋಗ ಅನ್ನುವುದನ್ನು ಮೈಕೆಲ್ ಮೂರಿಂಗ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ನೇರವಾಗಿ ಪರೀಕ್ಷಿಸಿದ್ದಾರೆ. ಇಂಪಾಲಗಳಿಗೆ ಪಟ್ಟಿ ಕಟ್ಟಿ, ಬಾಯಿಯಿಂದ ಸರಿಯಾಗಿ ಬಾಚಿಕೊಳ್ಳದ ಹಾಗೆ ಮಾಡಿದರು. ಕೆಲವು ವಾರದ ಮೇಲೆ ನೋಡಿದರೆ, ಪಟ್ಟಿ ಕಟ್ಟಿದವುಗಳ ಮೈಮೇಲೆ ಬಲಿತ ಹೆಣ್ಣು ಉಣುಗು 20 ಪಟ್ಟು ಜಾಸ್ತಿ. ನಾನು ಇದನ್ನು ಓದಿದ ದಿನ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಮೂಗುದಾರ ಬಿಗಿಯಾಗಿ ಎಳೆದು, ಗಿಡ್ಡ ಹಗ್ಗದಲ್ಲಿ ವರ್ಷಗಟ್ಟಲೆ ಗೂಟಕ್ಕೆ ಕಟ್ಟಿದ ಎಷ್ಟು ಎತ್ತುಗಳನ್ನು ನೋಡಿದ್ದೇನೆ. ಪಕ್ಕೆಯ ಮೇಲೂ ಉಣುಗು ತುಂಬಿಕೊಂಡಿರುತ್ತಿದ್ದವು. ಔಷಧಿ ಸಿಂಪಡಿಸಿ ಬಂದಿದ್ದೇನೆ. ಹಗ್ಗ ಒಂದು ಮೊಳ ಉದ್ದ ಬಿಡಿ, ಅದಕ್ಕೆ ತಿರುಗಿ ನೆಕ್ಕಿಕೊಳ್ಳಲು ಆಗಲಿ ಅಂತ ಒಬ್ಬ ರೈತನಿಗೂ ನಾನು ಹೇಳಿದ್ದಿಲ್ಲ. ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಗಂಡಿನ ವಿಷಯ. ಅದಕ್ಕೆ ಕಾಯಿಲೆ ಇರಬೇಕಾಗಿಲ್ಲ. ನೀವು ಹೋದದ್ದು ಮೇ. ಅಲ್ಲಿ ಅದು ಬೆದೆಯ ಕಾಲ. ದೊಡ್ಡ ಗಂಡು ಒಂದು ಜಾಗ ಹಿಡಿದು, ಬೇರೆ ಗಂಡುಗಳನ್ನು ಓಡಿಸುತ್ತಾ, ಹೆಣ್ಣುಗಳನ್ನು ಸುತ್ತುವರಿಯುತ್ತಾ ಇರುತ್ತದೆ. ಬಾಚಿಕೊಳ್ಳಲು ತಲೆ ತಗ್ಗಿಸಿದರೆ ಕಣ್ಣು ಕಾವಲು ತಪ್ಪುತ್ತದೆ. ಕತ್ತು ಬಾಚಿಕೊಡಲು ಹತ್ತಿರ ಯಾರೂ ಬರುವುದಿಲ್ಲ. ಅಂಥ ಗಂಡುಗಳ ಮೇಲೆ ಹೆಣ್ಣಿಗಿಂತ ಆರು ಪಟ್ಟು ಉಣುಗು ಕಂಡದ್ದು 1995ರಲ್ಲಿ ದಾಖಲಾಗಿದೆ. ಸಮಯ ಇಲ್ಲದ್ದು ಒಂದೇ ಕಾರಣವಲ್ಲ. ಗಂಡು ಹಾರ್ಮೋನೇ ಬಾಚಿಕೊಳ್ಳುವ ಚಪಲವನ್ನು ತಗ್ಗಿಸುತ್ತದೆ. ಆಡುಗಳಲ್ಲಿ ಪರೀಕ್ಷೆ ಮಾಡಿದಾಗ, ಬೀಜ ತೆಗೆದ ಹೋತಗಳು ಬೀಜ ಇರುವವಕ್ಕಿಂತ ಹೆಚ್ಚು ಬಾಚಿಕೊಂಡವು.

ಹುಣಸೂರಿನವ ಉತ್ತರಿಸಿದ್ದು:

ಒಳ್ಳೆ ಚರ್ಚೆ. ನನ್ನದು ಗೊರಸಿನ ಪ್ರಾಣಿ ಅಲ್ಲ, ಆನೆ. ಆದರೂ ಹೇಳಲೇಬೇಕು, ಮೇಲೆ ಬಂದ ಅದೇ ಹಾರ್ಟ್ ದಂಪತಿ ನಮ್ಮ ನಾಗರಹೊಳೆಗೂ ಬಂದಿದ್ದರು. ಶಿಬಿರದ 13 ಆನೆಗಳಿಗೆ ಉದ್ದನೆಯ, ಪೊದೆಯಂಥ ಕೊಂಬೆಗಳನ್ನು ಕೊಟ್ಟು ನೋಡಿದರು. 8 ಆನೆಗಳು ಅದನ್ನು ಮುರಿದು ಚಿಕ್ಕದು ಮಾಡಿಕೊಂಡು ನೊಣ ಓಡಿಸಲು ಬೀಸಿದವು. 2001ರಲ್ಲಿ ಪ್ರಕಟವಾಯಿತು. ನಾನು ಚಿಕ್ಕವನಿದ್ದಾಗ ನೋಡಿದ್ದೂ ಹಾಗೇ. ಆನೆ ಕೊಂಬೆಯನ್ನು ಮುಂಗಾಲಿನ ಕೆಳಗೆ ಒತ್ತಿ ಹಿಡಿದು, ಸೊಂಡಿಲಿನಿಂದ ಪಕ್ಕದ ಟಿಸಿಲನ್ನು ಎಳೆದು ಕೀಳುತ್ತದೆ. ಆಮೇಲೆ ಹೊಟ್ಟೆಯ ಕೆಳಗೆ, ಹೆಗಲ ಮೇಲೆ ಚಟ್ ಚಟ್ ಅಂತ ಹೊಡೆದುಕೊಳ್ಳುತ್ತದೆ.

ನಮ್ಮ ಕಾಡಿನ ಗೊರಸಿನವರ ಬಗ್ಗೆ ಹೇಳುವುದಾದರೆ, ಕಡವೆ ಮತ್ತು ಕಾಡುಹಂದಿ ಕೆಸರಿನಲ್ಲಿ ಹೊರಳುತ್ತವೆ. ಎದ್ದು ಹತ್ತಿರದ ಮರಕ್ಕೆ ಮೈ ತಿಕ್ಕುತ್ತವೆ. ಕೆಸರುಗುಂಡಿ ಪಕ್ಕದ ಮರಗಳ ಬುಡ ನೋಡಿ, ಒಂದು ಎತ್ತರದವರೆಗೆ ತೊಗಟೆ ನುಣುಪಾಗಿ ಮಣ್ಣು ಬಳಿದಿರುತ್ತದೆ. ಕಾಟಿಯ ಬೆನ್ನ ಮೇಲೆ ಕಾಡು ಮೈನಾ ಕೂತಿರುವುದು ಎಲ್ಲರೂ ನೋಡಿರುತ್ತೀರಿ.

ತುಂಗೆ ದಡದವಳು:

ಕೊಟ್ಟಿಗೆ ಅಣ್ಣ, ನಿಮ್ಮ ಉತ್ತರವನ್ನು ಮಗಳಿಗೆ ಓದಿ ಹೇಳಿದೆ. ಅವಳ ಹೊಸ ಪ್ರಶ್ನೆ: "ಉಣುಗು ಕಚ್ಚಿದಾಗ ತುರಿಸುತ್ತದಲ್ಲ, ಅದಕ್ಕೇ ಬಾಚುತ್ತವೆಯಾ? ಇಲ್ಲ ನಾವು ಹಲ್ಲುಜ್ಜುವ ಹಾಗೆ ದಿನಾ ಬಾಚುತ್ತವೆಯಾ?"

ಹಳೇ ಕೊಟ್ಟಿಗೆ:

ಎಂಥ ಪ್ರಶ್ನೆ ಕೇಳಿದ್ದಾಳೆ! ವಿಜ್ಞಾನಿಗಳೂ ವರ್ಷಗಟ್ಟಲೆ ಕೇಳಿಕೊಂಡದ್ದು ಇದನ್ನೇ.

ಎರಡೂ ಇದೆ. ಆದರೆ ಇಂಪಾಲದಂಥವಕ್ಕೆ ಹಲ್ಲುಜ್ಜುವ ಲೆಕ್ಕವೇ ಮುಖ್ಯ. ಒಳಗೊಂದು ಗಡಿಯಾರ ಇದ್ದ ಹಾಗೆ. ಉಣುಗು ಇರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಬಾಚಿಕೊಳ್ಳುತ್ತವೆ. ಉಣುಗೇ ಇಲ್ಲದ ಸ್ಯಾನ್ ಡಿಯಾಗೊ ಮೃಗಾಲಯದಲ್ಲಿ ಹುಟ್ಟಿ ಬೆಳೆದವೂ ಬಾಚಿಕೊಳ್ಳುತ್ತವೆ. ಅಲ್ಲಿ ಮೂರಿಂಗ್ ಅವರ ತಂಡ ಇನ್ನೊಂದು ವಿಷಯ ಕಂಡಿತು. ಚಿಕ್ಕ ಜಾತಿಯ ಪ್ರಾಣಿ ದೊಡ್ಡದಕ್ಕಿಂತ ಜಾಸ್ತಿ ಬಾಚಿಕೊಳ್ಳುತ್ತದೆ. ಇಂಪಾಲದಲ್ಲೂ ಮರಿ ತಾಯಿಗಿಂತ ಜಾಸ್ತಿ. ಚಿಕ್ಕ ಮೈಯಲ್ಲಿ ತೂಕಕ್ಕೆ ಹೋಲಿಸಿದರೆ ಚರ್ಮ ಹೆಚ್ಚು, ರಕ್ತ ಕಡಿಮೆ. ಹತ್ತು ಉಣುಗು ಕಾಟಿಗೆ ಲೆಕ್ಕಕ್ಕಿಲ್ಲ, ಮರಿಗೆ ದೊಡ್ಡ ನಷ್ಟ.

ತುರಿಸುವವರೆಗೆ ಕಾದರೆ ಏನು? ಉಣುಗಿನ ಮರಿ ಸಾಸಿವೆಗಿಂತ ಚಿಕ್ಕದು, ಆರೇ ಕಾಲು. ಹುಲ್ಲಿನ ತುದಿಯಲ್ಲಿ ಮುಂಗಾಲು ಚಾಚಿ ಕಾಯುತ್ತಿರುತ್ತದೆ. ಮೈಗೆ ಹತ್ತಿ ಕಚ್ಚಿದಾಗ ಗೊತ್ತೇ ಆಗುವುದಿಲ್ಲ, ಅದರ ಜೊಲ್ಲು ನೋವು ತಿಳಿಯದ ಹಾಗೆ ಮಾಡುತ್ತದೆ. ಗೊತ್ತಾಗುವ ಹೊತ್ತಿಗೆ ಅದು ಹರಳು ಬೀಜದಷ್ಟು ಊದಿ, ಉದುರಿ, ಸಾವಿರಾರು ಮೊಟ್ಟೆ ಇಟ್ಟಾಗಿರುತ್ತದೆ.

ಹಾಗೆ ಕಾಯುವ ಪ್ರಾಣಿಯೂ ಒಂದಿದೆ. ಉತ್ತರ ಅಮೆರಿಕದ ಮೂಸ್. ಕುದುರೆಗಿಂತ ಎತ್ತರದ ಜಿಂಕೆ. ಅಲ್ಲಿಯ ಚಳಿಗಾಲದ ಉಣುಗು ಶರತ್ಕಾಲದಲ್ಲಿ ಗೊಂಚಲು ಗೊಂಚಲಾಗಿ ಅದರ ಮೈಗೆ ಹತ್ತುತ್ತವೆ. ಅದೇ ಕಾಡಿನ ಬಿಳಿಬಾಲದ ಜಿಂಕೆ ಆಗಲೇ ನೆಕ್ಕಿ ನೆಕ್ಕಿ ತೆಗೆದುಹಾಕುತ್ತದೆ. ಮೂಸ್ ಸುಮ್ಮನಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಲಿತ ಉಣುಗುಗಳು ರಕ್ತ ಹೀರತೊಡಗಿದಾಗ ಎಚ್ಚರವಾಗುತ್ತದೆ. ಆಮೇಲೆ ಮರಕ್ಕೆ ಉಜ್ಜಿ, ಕಚ್ಚಿ ಎಳೆದು, ಕಪ್ಪು ಕೂದಲೆಲ್ಲ ಮುರಿದು ಬುಡದ ಬಿಳಿ ಕಾಣುತ್ತದೆ. ಅಲ್ಲಿಯ ಜನ ಅದಕ್ಕೆ ದೆವ್ವದ ಮೂಸ್ ಅನ್ನುತ್ತಾರೆ. ಮೇನ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನಲ್ಲಿ 2014ರಿಂದ 2016ರವರೆಗೆ ಗಮನಿಸಿದ ಕರುಗಳಲ್ಲಿ ಸುಮಾರು ನೂರಕ್ಕೆ 70 ಸತ್ತವು. ಒಂದೊಂದರ ಮೈಮೇಲೆ ಸರಾಸರಿ 47,000ಕ್ಕೂ ಹೆಚ್ಚು ಉಣುಗು. ಹಿಮ ತಡವಾಗಿ ಬೀಳುವ ವರ್ಷ ಉಣುಗಿಗೆ ಮೈ ಹತ್ತಲು ಇನ್ನಷ್ಟು ದಿನ ಸಿಗುತ್ತದೆ. ಒಂದು ವರ್ಷವೂ ತುಂಬದ ಕರುವಿನ ಮೇಲೆ ನಲವತ್ತೇಳು ಸಾವಿರ. ನಾನು ಒಂದು ಕರುವಿನ ಮೇಲೆ ಮುನ್ನೂರು ನೋಡಿ ಹೆದರಿದವನು.

ಆಫ್ರಿಕಾದ ಕೆಂಪು ಕೊಕ್ಕಿನ ಆಕ್ಸ್‌ಪೆಕರ್ ಹಕ್ಕಿಯನ್ನು ನೀವು ನೋಡಿರಬೇಕು. ಇಂಪಾಲದ ಕಿವಿಯೊಳಗೆ ತಲೆ ತೂರಿಸಿ ಉಣುಗು ಹೆಕ್ಕುತ್ತದೆ. ಆದರೆ ಅದಕ್ಕೆ ರಕ್ತವೂ ಇಷ್ಟ, ಗಾಯ ಇದ್ದರೆ ಕೆದಕುತ್ತದೆ. ಅದನ್ನು ಪೂರ್ತಿ ನಂಬುವ ಹಾಗಿಲ್ಲ.

ಇನ್ನೊಂದು ಮಾತು, ಇದು ಅಣ್ಣನಾಗಿ. ಕಾಡಿಗೆ ಹೋಗಿ ಬಂದ ಮೇಲೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ ನೋಡಿ. ಕಚ್ಚಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಒಡೆಯಬೇಡಿ. ನಾವು ಮೊದಮೊದಲು ಕೈಯಲ್ಲೇ ಕುಕ್ಕಿ ಒಡೆಯುತ್ತಿದ್ದೆವು. 1957ರಲ್ಲಿ ಮಂಗನ ಕಾಯಿಲೆ ಮೊದಲು ಗೊತ್ತಾದ ಕ್ಯಾಸನೂರು ಇರುವುದು ನಾನು ಕೆಲಸ ಮಾಡಿದ ಸೊರಬ ತಾಲೂಕಿನಲ್ಲೇ. ಅದನ್ನು ಹರಡುವುದೂ ಉಣುಗೇ. ಹಾಗೆ ಒಡೆದ ಇಬ್ಬರು ಜೊತೆಗಾರರು ಜ್ವರ ಬಂದು ತಿಂಗಳುಗಟ್ಟಲೆ ಏಳಲಿಲ್ಲ.

ಹುಣಸೂರಿನವ:

ಜೀಬ್ರಾ ಬಿಟ್ಟುಬಿಟ್ಟಿರಲ್ಲ! ಅವುಗಳ ಪಟ್ಟೆ ನೊಣಕ್ಕಂತೆ, ಹೌದಾ?

ಹಳೇ ಕೊಟ್ಟಿಗೆ:

ಹೌದು. ಪಟ್ಟೆಯ ಮೇಲೆ ಕಚ್ಚುವ ನೊಣಕ್ಕೆ ಸರಿಯಾಗಿ ಇಳಿಯಲು ಆಗುವುದಿಲ್ಲ. ಟಿಮ್ ಕಾರೊ ಎಂಬ ವಿಜ್ಞಾನಿಯ ತಂಡ 2019ರಲ್ಲಿ ಇಂಗ್ಲೆಂಡಿನಲ್ಲಿ ಕುದುರೆಗಳಿಗೆ ಪಟ್ಟೆಯ ಹೊದಿಕೆ ಹೊದಿಸಿ ತೋರಿಸಿತು. ಅದೇ ವರ್ಷ ಜಪಾನಿನವರು ಕಪ್ಪು ದನಗಳಿಗೆ ಬಿಳಿ ಪಟ್ಟೆ ಬಳಿದರು. ನೊಣ ಕಚ್ಚುವುದು ಅರ್ಧಕ್ಕೆ ಇಳಿಯಿತು. ಉಣುಗಿಗೆ ಪಟ್ಟೆಯಿಂದ ಏನೂ ಆಗದು, ಅದು ಹುಲ್ಲಿನಿಂದ ಹತ್ತುತ್ತದೆ. ಕತ್ತು, ಹೆಗಲಿಗೆ ಜೀಬ್ರಾಗಳೂ ಜೋಡಿಯಾಗಿ ನಿಂತು ಒಂದರದ್ದನ್ನು ಒಂದು ಹಲ್ಲಿನಲ್ಲಿ ಕೆರೆದುಕೊಡುತ್ತವೆ. ಅವಕ್ಕೆ ಮೇಲಿನ ಹಲ್ಲೂ ಉಂಟು, ಕಚ್ಚಿ ಹಿಡಿಯಬಲ್ಲವು.

ತುಂಗೆ ದಡದವಳು:

ಅಣ್ಣ, ನಿನ್ನೆ ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಇದೆಲ್ಲ ಹೇಳಿದೆ. ನಮ್ಮ ಗೌರಿಗೆ ಈಗ ಹದಿನಾಲ್ಕು ವರ್ಷ, ಒಂದೇ ಹಸು ಉಳಿದಿರುವುದು. ಜೊತೆಗೆ ನೆಕ್ಕಿಕೊಡಲು ಇನ್ನೊಂದು ಇಲ್ಲ. ಗಂಗೆದೊಗಲು, ಕಿವಿ ನೋಡು, ಕೈಗೆ ಗ್ಲೌಸ್ ಹಾಕಿಕೋ ಅಂದೆ. ಅಮ್ಮ ಇವತ್ತು ಬೆಳಿಗ್ಗೆ ಗರಟೆಯಲ್ಲಿ ಸೀಮೆಎಣ್ಣೆ ಇಟ್ಟುಕೊಂಡು ಕೂತರಂತೆ. ಕುತ್ತಿಗೆ ಮುಟ್ಟಿದ ಕೂಡಲೇ ಗೌರಿ ತಲೆಯನ್ನು ಉದ್ದಕ್ಕೆ ಚಾಚಿ, ಕಣ್ಣು ಅರ್ಧ ಮುಚ್ಚಿ ನಿಂತಿತಂತೆ. ಇಪ್ಪತ್ಮೂರು ಸಿಕ್ಕವು. ಕೆಲಸ ಮುಗಿಸಿ ಏಳಲು ಹೊರಟರೆ, ಅಮ್ಮನ ಮೊಣಕೈಯನ್ನು ನೆಕ್ಕಲು ಶುರು ಮಾಡಿತಂತೆ.