ಪದಚರ್ಚೆ: ‘ಪೋರ್ಟಬಲ್’ ತಂತ್ರಾಂಶವನ್ನು ‘ಎತ್ತಂಗಡಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಅದು ಯಾಕೆ ಬೇಕಾಯಿತು ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ‘ಸುವಾಹ್ಯ ತಂತ್ರಾಂಶ’ ಅಂತ ಯಾರಾದರೂ ಒಂದು ಸಾಲು ಬರೆದು ಮಾತು ಮುಗಿಸಿಬಿಡುತ್ತೀರಿ.

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಯಂತ್ರದಲ್ಲಿ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಇರಬೇಕು. ಹತ್ತು ಹನ್ನೆರಡು ವರ್ಷ ಹಳೆಯ ಯಂತ್ರಗಳಲ್ಲಿ ಅದೆಲ್ಲಿ ಬರಬೇಕು? ಹಾಗಾಗಿ ಬೆಂಗಳೂರಿನ ಶ್ರೀನಗರದ ನಮ್ಮ ಬೀದಿಯ ಹಿರಿಯರು ಒಬ್ಬೊಬ್ಬರಾಗಿ ಎಸ್.ಪಿ. ರೋಡಿಗೆ ಹೋಗಿ ಹೊಸ ಕಂಪ್ಯೂಟರ್ ತಂದರು. ತಂದ ಮೇಲೆ ಹಳೆಯದರಿಂದ ಹೊಸದಕ್ಕೆ ಸಾಮಾನು ಸಾಗಿಸುವ ಕೆಲಸಕ್ಕೆ ನನ್ನನ್ನು ಕರೆದರು. ನಾಲ್ಕನೆಯ ಮನೆಯ ಹೊತ್ತಿಗೆ ಸಾಕಾಗಿ, ಎರಡು ಪುಟದ ಒಂದು ಟಿಪ್ಪಣಿ ಬರೆದು ಜೆರಾಕ್ಸ್ ಮಾಡಿಸಿ ಹಂಚೋಣ ಅಂತ ಕೂತೆ. ಕೂತವನು ‘ಪೋರ್ಟಬಲ್’ ಅನ್ನುವಲ್ಲಿ ನಿಂತುಬಿಟ್ಟೆ.

ನಿಲ್ಲಿಸಿದವರು ಪಕ್ಕದ ಮನೆ ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ನಾನು ಹೋಗುವಷ್ಟರಲ್ಲಿ ಅವರೇ ಅರ್ಧ ಕೆಲಸ ಮುಗಿಸಿದ್ದರು. ಹಳೆಯ ಕಂಪ್ಯೂಟರಿನ ಪರದೆಯ ಮೇಲಿದ್ದ ಚಿತ್ರಗಳನ್ನೆಲ್ಲ ಪೆನ್‌ಡ್ರೈವಿಗೆ ಎಳೆದು ಹಾಕಿಕೊಂಡಿದ್ದರು. “ಹನ್ನೊಂದು ಪ್ರೋಗ್ರಾಮು ಕಣಪ್ಪಾ, ಕಣ್ಣು ಮಿಟುಕಿಸೋದರೊಳಗೆ ಬಂದ್ಬಿಡ್ತು!” ಬರದೆ ಏನು? ಅವೆಲ್ಲ ಶಾರ್ಟ್‌ಕಟ್‌ಗಳು. ಒಂದೊಂದೂ ಒಂದೆರಡು ಕೆ.ಬಿ. ಮನೆ ಖಾಲಿ ಮಾಡುವಾಗ ಸಾಮಾನು ಬಿಟ್ಟು, ವಿಳಾಸ ಬರೆದ ಚೀಟಿ ಮಾತ್ರ ಜೇಬಿಗಿಟ್ಟುಕೊಂಡು ಬಂದ ಹಾಗೆ.

ಸರಿ, ಪ್ರೋಗ್ರಾಮಿನ ಇಡೀ ಫೋಲ್ಡರನ್ನೇ ತಂದರೆ? ಅದನ್ನೂ ಅವರು ಒಂದಕ್ಕೆ ಮಾಡಿ ನೋಡಿದ್ದರು. ಫೋಲ್ಡರ್ ಬಂತು, ಪ್ರೋಗ್ರಾಮ್ ಏಳಲಿಲ್ಲ. ನನ್ನ ಗೊಂದಲ ಶುರುವಾಗಿದ್ದೇ ಇಲ್ಲಿಂದ. ‘ಪೋರ್ಟಬಲ್’ ಅಂದರೆ ‘ಒಯ್ಯಬಹುದಾದ’ ಅನ್ನುವುದು ನಿಘಂಟಿನ ಮಾದರಿಯ ಉತ್ತರ. ಆದರೆ ಒಯ್ಯುವುದಕ್ಕೇನು, ಯಾವ ಫೋಲ್ಡರನ್ನಾದರೂ ಒಯ್ಯಬಹುದು. ಒಯ್ದ ಜಾಗದಲ್ಲಿ ಅದು ಬದುಕುತ್ತದೆಯೇ ಅನ್ನುವುದಲ್ಲವೇ ಪ್ರಶ್ನೆ?

ಮಾಮೂಲಿ ಪ್ರೋಗ್ರಾಮನ್ನು ಇನ್‌ಸ್ಟಾಲ್ ಮಾಡಿದಾಗ ಅದು ಒಂದೇ ಕಡೆ ಇರುವುದಿಲ್ಲ. ಒಂದಷ್ಟು ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ, ನಮ್ಮ ಸೆಟ್ಟಿಂಗುಗಳು ಆಪ್‌ಡೇಟಾ ಅನ್ನುವ ಇನ್ನೊಂದು ಫೋಲ್ಡರಿನಲ್ಲಿ, ವಿಂಡೋಸಿನ ಲೆಕ್ಕದ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ಒಂದಿಷ್ಟು ನಮೂದು. ಪೋರ್ಟಬಲ್ ಅನ್ನುವುದು ಎಲ್ಲವನ್ನೂ ತನ್ನ ಫೋಲ್ಡರಿನಲ್ಲೇ ಇಟ್ಟುಕೊಳ್ಳುತ್ತದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಎಲ್‌ಸಿ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಲ್ಲಕ್ಕೂ ಇಂಥ ರೂಪಗಳಿವೆ. ಪೆನ್‌ಡ್ರೈವಿನಿಂದಲೇ ಓಡುತ್ತವೆ. ವಿಂಡೋಸಿಗೂ ಮೊದಲಿನ ಡಾಸ್ ಕಾಲದಲ್ಲಿ ಇದಕ್ಕೆ ಬೇರೆ ಹೆಸರೇ ಬೇಕಿರಲಿಲ್ಲ ಅನ್ನಿ. ಆಗಿನ ಎಷ್ಟೋ ಪ್ರೋಗ್ರಾಮುಗಳು 1.44 ಎಂ.ಬಿ. ಫ್ಲಾಪಿಗೆ ತುಂಬಿಕೊಂಡು ಹೋದರೆ ಹೋದಲ್ಲಿ ಓಡುತ್ತಿದ್ದವು. ವಿಂಡೋಸ್ 95 ಬಂದ ಮೇಲೆ ರಿಜಿಸ್ಟ್ರಿಯಲ್ಲಿ ಹೆಸರು ಬರೆಸುವುದು ರೂಢಿಯಾಯಿತು, ಬರೆಸದವರಿಗೆ ಬೇರೆ ಹೆಸರು ಬೇಕಾಯಿತು.

ಇಷ್ಟನ್ನೂ ಮೇಷ್ಟ್ರಿಗೆ ಹೇಳಿದೆ. “ಅರ್ಥ ಆಯ್ತು. ಇದಕ್ಕೆ ಕನ್ನಡದಲ್ಲಿ ಏನಂತೀರಿ?” ಅಂದರು. ಎಸ್.ಪಿ. ರೋಡಿನ ಅಂಗಡಿ ಹುಡುಗ ಹೇಳುವುದು ‘ಪೋರ್ಟಬಲ್ಲು ಸಾರ್, ಇನ್‌ಸ್ಟಾಲ್ ಏನೂ ಬೇಡ, ಹಂಗೇ ಕಾಪಿ ಹೊಡ್ಕೊಳಿ’. ಅದೂ ಕನ್ನಡವೇ, ನನಗೆ ತಕರಾರಿಲ್ಲ. ಮೇಷ್ಟ್ರು ಒಪ್ಪಲಿಲ್ಲ.

ಅವರು ಒಪ್ಪದಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ‘ಪೋರ್ಟ್’ ನಮ್ಮಲ್ಲಿ ಆಗಲೇ ಬೇರೆ ಅರ್ಥದಲ್ಲಿ ಬೇರೂರಿದೆ. 2011ರ ಜನವರಿ 20ರಿಂದ ದೇಶದ ತುಂಬ ನಂಬರ್ ಬದಲಿಸದೆ ಮೊಬೈಲ್ ಕಂಪನಿ ಬದಲಿಸುವ ಅವಕಾಶ ಬಂತು. 1900ಕ್ಕೆ ಮೆಸೇಜ್ ಕಳಿಸುವುದು, ‘ನಂಬರ್ ಪೋರ್ಟ್ ಮಾಡಿಸಿದೆ’ ಅನ್ನುವುದು ತರಕಾರಿ ಗಾಡಿಯವರ ಬಾಯಲ್ಲೂ ಇದೆ. ಅಲ್ಲಿ ಪೋರ್ಟ್ ಅಂದರೆ ಒಂದು ಮನೆಯ ನಂಟು ಕಡಿದು ಇನ್ನೊಂದರಲ್ಲಿ ಹೆಸರು ಬರೆಸುವುದು. ನಮ್ಮ ತಂತ್ರಾಂಶ ಮಾಡುವುದು ಇದರ ತಿರುಗುಮುರುಗು. ಅದು ಎಲ್ಲೂ ಹೆಸರು ಬರೆಸುವುದೇ ಇಲ್ಲ. ಮೇಷ್ಟ್ರ ಮೊದಲ ಪ್ರಶ್ನೆಯೇ “ಇದಕ್ಕೂ 1900ಕ್ಕೆ ಕಳಿಸಬೇಕಾ?” ಅಂತ ಇತ್ತು. ತಮಾಷೆಗೆ ಕೇಳಿದ್ದಲ್ಲ.

ಪಿಡಿಎಫ್‌ನ ಮೊದಲಕ್ಷರವೂ ಪೋರ್ಟಬಲ್ಲೇ. ಅಡೋಬಿ 1993ರಲ್ಲಿ ತಂದದ್ದು. ಇದು ಮೇಷ್ಟ್ರ ವಿಷಯದಲ್ಲಿ ಚೆನ್ನಾಗಿ ಕಣ್ಣಿಗೆ ಬಿತ್ತು. ಅವರ ಇಪ್ಪತ್ತು ವರ್ಷದ ಬರಹವೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿದೆ, ಯೂನಿಕೋಡಿಗಿಂತ ಮೊದಲಿನ ಕ್ರಮದ್ದು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ. ಕಡತ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ‘ಕ’ ಇರಬೇಕಾದ ಕಡೆ ಒಂದು ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರುವ ಒಂದು ಎ. ಪಾಪ, ಅವರ ಮುಖ ನೋಡಲಾಗಲಿಲ್ಲ. ಆದರೆ ಅದೇ ಬರಹದ ಪಿಡಿಎಫ್‌ಗಳು ಮಾತ್ರ ಮುತ್ತಿನಂತೆ ತೆರೆದುಕೊಂಡವು. ಅವು ಫಾಂಟನ್ನು ತಮ್ಮೊಳಗೇ ಕಟ್ಟಿಕೊಂಡು ಬಂದಿದ್ದವು, ಪೋರ್ಟಬಲ್ ಪ್ರೋಗ್ರಾಮ್ ಸೆಟ್ಟಿಂಗುಗಳನ್ನು ಕಟ್ಟಿಕೊಂಡು ಬರುವ ಹಾಗೆ. ಆದರೆ ಆ ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿ ಬೇರೆ ಕಡೆ ಅಂಟಿಸಿದರೆ ಮತ್ತೆ ಅದೇ ಪಿ, ಅದೇ ಗೀಟಿನ ಎ. ಕಣ್ಣಿಗೆ ಕನ್ನಡ, ಒಳಗೆ ಅಲ್ಲ. ಯೂನಿಕೋಡಿನಲ್ಲಾದರೆ ‘ಕ’ಕ್ಕೆ ಅದರದೇ ಸಂಖ್ಯೆ ಇದೆ, 3221. ಫಾಂಟ್ ಯಾವುದೇ ಇರಲಿ, ಅದು ‘ಕ’ವೇ. (ನುಡಿಯ ಫಾಂಟ್ ಹಾಕಿ, ಪರಿವರ್ತಕದಲ್ಲಿ ಹಾಯಿಸಿ ಈಗ ಎಲ್ಲ ಸರಿ ಮಾಡಿದ್ದೇವೆ. ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿವೆ, ಮೇಷ್ಟ್ರು ಕೆಂಪು ಪೆನ್ನು ಹಿಡಿದು ಕೂತಿದ್ದಾರೆ.)

ಈಗ ಪದಕ್ಕೆ ಬರೋಣ. ನಾನು ತೂಗಿ ನೋಡಿದವು ಇವು.

‘ಸಂಚಾರಿ’, ‘ಜಂಗಮ’ ಎರಡೂ ಚಂದ. ಆದರೆ ಮೊಬೈಲ್ ಫೋನು ಅವನ್ನು ಆಗಲೇ ಹಿಡಿದುಕೊಂಡಿದೆ. ಜೊತೆಗೆ ಜಂಗಮ ತಾನೇ ನಡೆಯುತ್ತಾನೆ, ನಮ್ಮ ತಂತ್ರಾಂಶವನ್ನು ಯಾರಾದರೂ ಹೊರಬೇಕು. ‘ಕೈಚೀಲ’, ‘ಕೈದೀಪ’ದ ದಾರಿಯಲ್ಲಿ ‘ಕೈತಂತ್ರಾಂಶ’ ಅಂದರೆ, ಕೈಮಗ್ಗದ ಹಾಗೆ ಕೈಯಲ್ಲಿ ನಡೆಸುವಂಥದ್ದು ಅನ್ನಿಸುತ್ತದೆ. ಪತ್ರಿಕೆ ಓದುವವರಿಗೆ ‘ಕೈ’ ಅಂದರೆ ಬೇರೆಯೇ ನೆನಪಾಗುತ್ತದೆ, ಬಿಡಿ. ಆದರೂ ‘ಕೈಗಡ’ದ ಕೈ ನನಗೆ ಬಹಳ ಹಿಡಿಸಿತು. ಪತ್ರ ಇಲ್ಲ, ಸಾಕ್ಷಿ ಇಲ್ಲ, ರಿಜಿಸ್ಟ್ರಿ ಅಂತೂ ಇಲ್ಲವೇ ಇಲ್ಲ!

ಒಳ್ಳೆಯ ಸುಳಿವು ಕೊಟ್ಟವರು ಮೇಷ್ಟ್ರ ಮನೆಯವರು. ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಕಂಪ್ಯೂಟರನ್ನು ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರು, ಆದರೆ ಹೇಳಿಕೊಳ್ಳುವುದಿಲ್ಲ. ಕಾಫಿ ಲೋಟ ಇಡುತ್ತಾ ಅಂದರು: “ರೀ, ಇದೇನು ದೊಡ್ಡ ವಿಷಯಾನಾ? ಒರಳು, ಅಗ್ಗಿಷ್ಟಿಕೆ ಅಷ್ಟೇ.”

ನನಗೆ ತಕ್ಷಣ ಹೊಳೆಯಲಿಲ್ಲ. ಅವರೇ ಬಿಡಿಸಿದರು. ಹಳೆಯ ಮನೆಗಳಲ್ಲಿ ಒರಳನ್ನು ನೆಲದಲ್ಲಿ ಹೂತಿರುತ್ತಿದ್ದರು. ಮನೆ ಬಿಡುವಾಗ ಅದು ಅಲ್ಲೇ ಉಳಿಯುತ್ತದೆ. ಕಿತ್ತು ತಂದರೂ ಹೊಸ ಮನೆಯಲ್ಲಿ ಮತ್ತೆ ನೆಲ ಅಗೆಯಬೇಕು. ಅಗ್ಗಿಷ್ಟಿಕೆ ಹಾಗಲ್ಲ. ಎತ್ತಿಕೊಂಡು ಹೋಗಿ ಹೊಸ ಮನೆಯ ಮೂಲೆಯಲ್ಲಿಟ್ಟು ಇದ್ದಿಲು ಹಾಕಿದರೆ ಆ ಸಂಜೆಯೇ ಕಾಫಿ. “ನಮ್ಮನ್ನ ಏಳು ಸಲ ಎತ್ತಂಗಡಿ ಮಾಡಿದ್ದಾರೆ ಕಣಪ್ಪಾ. ಯಾವುದು ಜೊತೆಗೆ ಬರತ್ತೆ, ಯಾವುದು ಬರಲ್ಲ ಅಂತ ನನ್ನ ಕೇಳು.”

ಇನ್‌ಸ್ಟಾಲ್ ಅನ್ನುವುದಕ್ಕೆ ‘ಹೂಳು’ ಅನ್ನುವ ಧೈರ್ಯ ನನಗಿಲ್ಲ. ಪ್ರೋಗ್ರಾಮನ್ನು ಹೂತೆ ಅಂದರೆ ಅರ್ಥ ಎಲ್ಲೋ ಹೋಗುತ್ತದೆ. ಆದರೆ ಅವರ ಬಾಯಲ್ಲಿ ಸುಮ್ನೆ ಬಂದುಹೋದ ‘ಎತ್ತಂಗಡಿ’ ನನ್ನನ್ನು ಬಿಡಲಿಲ್ಲ.

ಈಗ ಈ ಪದಕ್ಕೆ ಉಳಿದಿರುವುದು ಒಂದೇ ಅರ್ಥ, ಅಧಿಕಾರಿಯ ವರ್ಗಾವಣೆ. ಅದೂ ಅವರಿಗೆ ಇಷ್ಟವಿಲ್ಲದ್ದು. ಪತ್ರಿಕೆಯ ತಲೆಬರಹದಲ್ಲಿ ದಿನ ಬಿಟ್ಟು ದಿನ ನೋಡುತ್ತೇವೆ. ಆದರೆ ಪದವನ್ನು ಬಿಡಿಸಿದರೆ ಒಳಗೆ ಒಂದು ಅಂಗಡಿ ಇದೆ. ನನ್ನ ಕಣ್ಣ ಮುಂದೆ ಬಂದದ್ದು ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ. ನಮ್ಮ ಮನೆಯಿಂದ ದೊಡ್ಡ ಬಸವಣ್ಣನ ಗುಡಿಗೆ ನಡೆದೇ ಹೋಗಬಹುದು. ಅಲ್ಲಿ ವ್ಯಾಪಾರಿ ಗೋಣಿತಾಟು ಹಾಸುತ್ತಾನೆ, ಕಾಯಿ ಸುರಿಯುತ್ತಾನೆ, ಸೇರು ಇಡುತ್ತಾನೆ. ಅಂಗಡಿ ಶುರು. ಬೀದಿಯಿಂದ ಅವನು ಏನನ್ನೂ ಬೇಡುವುದಿಲ್ಲ, ಜಾಗವೊಂದನ್ನು ಬಿಟ್ಟು. ಮುಗಿದ ಮೇಲೆ ಅದೇ ತಾಟಿನಲ್ಲಿ ಎಲ್ಲ ಸುತ್ತಿ ಹೊರಡುತ್ತಾನೆ. ಉಳಿಯುವುದು ಸಿಪ್ಪೆ. ಪೋರ್ಟಬಲ್ ತಂತ್ರಾಂಶವೂ ಹೀಗೇ, ಸಿಪ್ಪೆಯ ಸಮೇತ. ಪೆನ್‌ಡ್ರೈವ್ ಕಿತ್ತ ಮೇಲೂ ಇತ್ತೀಚೆಗೆ ತೆರೆದ ಕಡತಗಳ ಪಟ್ಟಿಯಂಥ ಗುರುತುಗಳು ವಿಂಡೋಸಿನಲ್ಲಿ ಉಳಿಯಬಹುದು. ಗುಟ್ಟಿನ ಕೆಲಸಕ್ಕೆ ಅದನ್ನು ನಂಬಬೇಡಿ ಅಂತ ಟಿಪ್ಪಣಿಯಲ್ಲೂ ಬರೆದಿದ್ದೇನೆ.

‘ಒಯ್ಯಬಲ್ಲ’ ಅನ್ನುವುದು ಭಾರದ ಮಾತು. ‘ಎತ್ತಂಗಡಿ’ಯಲ್ಲಿ ಹೋದ ಜಾಗದಲ್ಲಿ ಮತ್ತೆ ವ್ಯಾಪಾರ ಶುರುವಾಗುವ ಮಾತೂ ಇದೆ. ನನಗೆ ಬೇಕಾದದ್ದು ಅದೇ. ತೊಡಕೂ ಗೊತ್ತಿದೆ. ‘ಎತ್ತಂಗಡಿ ತಂತ್ರಾಂಶ’ ಅಂದರೆ ಅದ್ಯಾವ ತಪ್ಪು ಮಾಡಿತ್ತೋ ಪಾಪ ಅನ್ನಿಸಬಹುದು. ‘ಬಿಡಾರ ತಂತ್ರಾಂಶ’ ಅಂದರೆ ಆ ಕಳಂಕವಿಲ್ಲ, ಬಿಡಾರ ಹೂಡುವುದು, ಎತ್ತುವುದು ಎರಡೂ ಬಳಕೆಯಲ್ಲಿವೆ. ಆದರೆ ಬಿಡಾರದಲ್ಲಿ ಒಂದು ಬಗೆಯ ತಾತ್ಕಾಲಿಕತೆ ಇದೆ. ಮೇಷ್ಟ್ರು ಈ ಪ್ರೋಗ್ರಾಮುಗಳನ್ನು ಇನ್ನು ಮೇಲೆ ಖಾಯಂ ಬಳಸುವವರು.

ನಿಮ್ಮನ್ನು ಕೇಳುವುದು ಇಷ್ಟು.

‘ಎತ್ತಂಗಡಿ’ಯಲ್ಲಿರುವ ‘ಎತ್ತು’ ಯಾವುದು? ಮೇಲೆತ್ತುವ ಎತ್ತೋ, ಅಂಗಡಿಯ ಸರಕು ಹೊತ್ತು ಸಂತೆಯಿಂದ ಸಂತೆಗೆ ನಡೆಯುವ ಎತ್ತೋ? ಮೇಷ್ಟ್ರು ಎರಡನೆಯದರ ಕಡೆ, ನಾನು ಮೊದಲನೆಯದರ ಕಡೆ. ಯಾವುದಾದರೂ ಹಳೆಯ ಪ್ರಯೋಗ ನೆನಪಿದ್ದರೆ ಸಂದರ್ಭದ ಸಮೇತ ಹೇಳಿ. ವರ್ಗಾವಣೆಯ ಅರ್ಥವಿಲ್ಲದೆ, ಬರೀ ಸಂತೆಯ ಅಂಗಡಿಗೆ ಈ ಮಾತು ಬಳಸುವುದನ್ನು ನಿಮ್ಮ ಕಡೆ ಹಿರಿಯರಿಂದ ಕೇಳಿದ್ದೀರಾ?

ಇನ್ನೊಂದು. ಎತ್ತಿಡಬಹುದಾದ ಒಲೆಗೆ ನಾವು ‘ಅಗ್ಗಿಷ್ಟಿಕೆ’ ಅನ್ನುತ್ತೇವೆ. ಧಾರವಾಡ, ಕಲಬುರಗಿ, ಕರಾವಳಿಯ ಕಡೆ ಏನನ್ನುತ್ತೀರಿ? ನೆಲಕ್ಕೆ ಹೂಡಿದ್ದು, ಎತ್ತಿಡುವಂಥದ್ದು ಅನ್ನುವ ಭೇದವನ್ನು ಒಂದೇ ಪದದಲ್ಲಿ ಹೇಳುವ ಜೋಡಿ ನಿಮ್ಮಲ್ಲಿದ್ದರೆ ದಯವಿಟ್ಟು ಕಳಿಸಿ, ಅಡುಗೆಮನೆಯದ್ದೋ ಹೊಲದ್ದೋ ಯಾವುದಾದರೂ ಸರಿ.

ಟಿಪ್ಪಣಿ ಶನಿವಾರ ಜೆರಾಕ್ಸ್ ಅಂಗಡಿಗೆ ಹೋಗಬೇಕು. ಸದ್ಯಕ್ಕೆ ‘ಪೋರ್ಟಬಲ್’ ಅಂತಲೇ ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ ಒಂದು ಪದ ಹಿಡಿಯುವಷ್ಟು ಜಾಗ ಬಿಟ್ಟಿದ್ದೇನೆ.