ಬೇಸ್ ಗಿಟಾರ್‌ಗೆ ಹೊಸ ತಂತಿ ಹಾಕೀನಿ, ಆದ್ರೂ ಎಲ್ಲಾಕ್ಕಿಂತ ದಪ್ಪ ಇರೋ ಇ (E) ತಂತಿ ಡಬ್ ಅಂತೈತಿ, ಪಿಕಪ್ (ತಂತಿ ದನಿ ಹಿಡಿಯೋ ಅಯಸ್ಕಾಂತದ ಭಾಗ) ಬದಲಿಸ್ಬೇಕೇನ್ರಿ?

ಬಾಗಲಕೋಟಿ ಬೇಸ್:
ಎಲ್ಲಾರಿಗೂ ನಮಸ್ಕಾರ್ರಿ. ಹೋದ ಆಗಸ್ಟ್‌ನ್ಯಾಗ ಬೆಳಗಾವಿಯೊಳಗ ಒಂದು ಸೆಕೆಂಡ್ ಹ್ಯಾಂಡ್ ಬೇಸ್ ತಗೊಂಡೀನಿ, ನಾಕು ತಂತಿ, 34 ಇಂಚ್ ಸ್ಕೇಲ್ (ತಂತಿ ಬಾರಿಸೋ ಉದ್ದ), ಪಿ-ಜೆ ಪಿಕಪ್ (ಪಿ ಒಂದು, ಜೆ ಒಂದು, ಎರಡು ನಮೂನಿದು), ಕಲಿಯಾವ್ರು ತಗೊಳ್ಳೋ ಸೋವಿ ಮಾಡೆಲ್ಲು. ಕೊಟ್ಟವ್ರ ಸೆಟಪ್ ಮಾಡಿ ಕೊಟ್ಟಿದ್ರು, ಆಗ ಬೆಣ್ಣಿ ಹಂಗ ಇತ್ತು. ಈಗ ಏಪ್ರಿಲ್‌ನ್ಯಾಗ ಎರಡು ತಕರಾರು. ಒಂದನೇ ಫ್ರೆಟ್‌ನಿಂದ ನಾಕನೇದ್ರ ತನಕ (ಫ್ರೆಟ್ ಅಂದ್ರ ಕುತ್ತಿಗಿ ಮ್ಯಾಲಿನ ಲೋಹದ ಪಟ್ಟಿ) ಎಲ್ಲಾ ತಂತಿ ಝರ್ ಅಂತಾವ. ಇನ್ನೊಂದು, ಹೋದ ವಾರ ಹೊಸ ನಿಕಲ್ ತಂತಿ ಸೆಟ್ 45-105 (ದಪ್ಪ, ಇಂಚಿನ ಸಾವಿರದ ಲೆಕ್ಕದಾಗ) ಹಾಕಿದೆ, ಎ ಡಿ ಜಿ ಮೂರೂ ಖಣಖಣ ಅಂತಾವ, ಇ ಮಾತ್ರ ಸತ್ತಂಗ ಡಬ್ ಅಂತೈತಿ, ಟ್ಯೂನರ್ ಹಚ್ಚಿದ್ರ ಮುಳ್ಳು ನಿಲ್ಲಂಗಿಲ್ಲ. ನಮ್ಮ ಆರ್ಕೆಸ್ಟ್ರಾ ಕೀಬೋರ್ಡಿನಾಂವ ಪಿಕಪ್ ಬದಲಿಸು ಅಂತಾನ. ಕೈಯಾಗ 6 ಸಾವಿರ ಐತಿ. ಪಿಕಪ್ ಹಾಕ್ಲೋ ಬ್ರಿಜ್ (ತಂತಿ ಕೆಳಗಿನ ತುದಿ ಹಿಡಿಯೋ ಭಾಗ) ಹಾಕ್ಲೋ?

ಟಿಳಕವಾಡಿ ಬೇಸ್:
ತಮ್ಮಾ, ಆ ರೊಕ್ಕ ಸದ್ಯಾಕ ಹಂಗ ಇರ್ಲಿ. ಪಿಕಪ್ ಕೆಟ್ಟಿಲ್ಲ, ಹೆಂಗ ಅಂದ್ರ, ಪಿ ಪಿಕಪ್ ಎರಡು ತುಂಡು ಇರ್ತೈತಲ್ಲ, 1957 ರಿಂದ ಫೆಂಡರ್‌ನವ್ರು ಹಂಗ ಮಾಡ್ಕೊಂತ ಬಂದಾರ, ಒಂದು ತುಂಡು ಇ ಮತ್ತ ಎ ಎರಡರದೂ ದನಿ ಹಿಡಿತೈತಿ, ಇನ್ನೊಂದು ಡಿ ಮತ್ತ ಜಿ. ತುಂಡು ಕೆಟ್ಟಿದ್ರ ಇ ಜೋಡಿ ಎ ನೂ ಡಬ್ ಅನ್ನಬೇಕಿತ್ತು, ನಿನ್ನ ಎ ಖಣಖಣ ಅಂತೈತಿ.

ಒಂದು ಖರೇ ಹೇಳು, ತಂತಿ ಉದ್ದ ಆತಂತ ಮೊದ್ಲ ಕತ್ತರಿಸಿ ಆಮ್ಯಾಲೆ ಕೀಗೆ (ಟ್ಯೂನ್ ಮಾಡೋ ಗೂಟಕ್ಕ) ಸುತ್ತಿದ್ಯೇನ? ಬೇಸ್ ತಂತಿ ಒಳಗ ಒಂದು ಕೋರ್, ಮ್ಯಾಲ ಬಿಗಿಯಾಗಿ ಸುತ್ತಿದ ತಂತಿ. ಬಾಗಿಸದ ಕತ್ತರಿಸಿದ್ರ ಆ ಸುತ್ತು ತುದಿಯಿಂದ ಸಡಿಲ ಆಗ್ತೈತಿ, ಮುಗೀತು, ದನಿ ಹೋತು, ದಪ್ಪ ತಂತಿಗೆ ಇದು ಭಾಳ ಕಾಡ್ತೈತಿ. ಕೀ ದಾಟಿ ನಾಕು ಇಂಚ್ ಬಿಟ್ಟು, ಮೊದ್ಲ ಗಟ್ಟಿಯಾಗಿ ಮೂಲಿ ಬಾಗಿಸಿ, ಆಮ್ಯಾಲೆ ಕತ್ತರಿಸಿ, ತುದಿ ಕೀ ನಡುವಿನ ತೂತಿಗೆ ಇಳಿಸ್ಬೇಕು. ತಿರುವು ಬೀಳದಂಗ ನೋಡ್ಕೋ. ಟ್ಯೂನ್ ಮಾಡಿದ ಮ್ಯಾಲ ಸ್ಯಾಡಲ್ (ಬ್ರಿಜ್ ಮ್ಯಾಲ ತಂತಿ ಕೂಡೋ ತುಂಡು) ಮುಂದ ಹೆಬ್ಬೆಟ್ಟಿಲೆ ತಂತಿ ಒತ್ತು, ನೆಟ್ಟಗ ಕುಂತ್ರ ದನಿ ತಿಳಿ ಆಗ್ತೈತಿ.

ಮುಳ್ಳು ನಿಲ್ಲದಿದ್ದಕ್ಕ ಪಿಕಪ್ ಎತ್ತರ ನೋಡು. ಭಾಳ ಮ್ಯಾಲ ಇದ್ರ ಅಯಸ್ಕಾಂತ ತಂತೀನ ಎಳಿತೈತಿ, ಇ ತಂತಿ ಅಲ್ಲಾಡಿದಂಗ ಕೇಳ್ತೈತಿ. ಕಡೇ ಫ್ರೆಟ್ ಮ್ಯಾಲ ಒತ್ತಿ ಹಿಡಿದಾಗ ಪಿಕಪ್‌ಗೂ ತಂತಿಗೂ ನಡುವ ಸುಮಾರು 3 ಮಿಲಿಮೀಟರ್ ಇರ್ಲಿ, ಸ್ಕ್ರೂ ಡ್ರೈವರ್ ಸಾಕು.

ಇನ್ನ ಝರ್ ಅನ್ನೋದು, ಅದು ನಮ್ಮೂರಿಗೂ ನಿಮ್ಮೂರಿಗೂ ನಡುವಿನ ಹವಾದ ಫರಕ. ಆಗಸ್ಟ್‌ನ್ಯಾಗ ಬೆಳಗಾವಿ ಮಳಿ ಗೊತ್ತಲ್ಲ, ಕಟಗಿ ನೀರು ಕುಡಿದು ನೆಕ್ (ಕುತ್ತಿಗಿ) ಮುಂದ ಬಾಗಿರ್ತೈತಿ, ಅದಕ್ಕ ತಕ್ಕಂಗ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಬಿಗಿ ಮಾಡ್ಯಾರ. ಈಗ ನಿಮ್ಮ ಬಿಸಿಲಿಗೆ ಒಣಗಿ ನೆಕ್ ನೆಟ್ಟಗಾಗೇತಿ, ಇಲ್ಲಾ ಹಿಂದ ಬಾಗೇತಿ. ಇ ತಂತೀನ ಒಂದನೇ ಮತ್ತ ಕಡೇ ಫ್ರೆಟ್ ಮ್ಯಾಲ ಒತ್ತಿ 7-8 ನೇ ಫ್ರೆಟ್ ಹತ್ರ ತಂತಿಗೂ ಫ್ರೆಟ್‌ಗೂ ನಡುವಿನ ಸಂದಿ ನೋಡು, 0.3 ಮಿಲಿಮೀಟರ್ ಅಂದ್ರ ವಿಸಿಟಿಂಗ್ ಕಾರ್ಡ್ ದಪ್ಪ ಇರ್ಬೇಕು. ಕಮ್ಮಿ ಇದ್ರ ಟ್ರಸ್ ರಾಡ್ ನಟ್ ಗಡಿಯಾರಕ್ಕ ಉಲ್ಟಾ ಕಾಲ್ ಸುತ್ತು ಸಡಿಲ ಮಾಡಿ ರಾತ್ರಿ ಬಿಡು. ತಿರುಗಲಿಲ್ಲಂದ್ರ ಜುಲುಮಿ ಮಾಡಬ್ಯಾಡ, ರಾಡ್ ಮುರಿದ್ರ ನೆಕ್ಕೇ ಹೋಗ್ತೈತಿ.

ವಿಜಯಪುರದಿಂದ:
ಅಣ್ಣಾರ ಹೇಳಿದ್ದು ಬರೋಬರಿ. ಆದ್ರ ಮುಂದಿನ ಸಲ ತಂತಿ ತಗೊಳ್ಳಾಕ ಹೋದಾಗ ಫ್ಲಾಟ್‌ವೌಂಡ್ (ಚಪ್ಪಟಿ ಪಟ್ಟಿ ಸುತ್ತಿದ ತಂತಿ) ಒಮ್ಮೆ ನೋಡ್ರಿ. ನಾ ಭಜನಿ, ಭಾವಗೀತಿಗೆ ಬಾರಸ್ತೀನಿ, ರೌಂಡ್‌ವೌಂಡ್ (ದುಂಡು ತಂತಿ ಸುತ್ತಿದ್ದು) ಮ್ಯಾಲ ಬೆರಳು ಜಾರಿದಾಗ ಚುಯ್ ಅಂತಿತ್ತು, ಬೆವರು ಸುತ್ತಿನ ಸಂದಿಯೊಳಗ ಕುಂತು ಎರಡು ತಿಂಗ್ಳಿಗೆ ಮಂದ ಆಗ್ತಿತ್ತು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತನ್ನ 1962 ರ ಪ್ರಿಸಿಷನ್ ಬೇಸ್‌ಗೆ ಲಾ ಬೆಲ್ಲಾ ಕಂಪನಿಯ ಫ್ಲಾಟ್‌ವೌಂಡ್ 52-110 ಹಾಕಿ, ಹರಿಯೋ ತನಕ ಬದಲಿಸ್ತಿರಲಿಲ್ಲ. ಅಷ್ಟು ದಪ್ಪ ನಮಗ ಬ್ಯಾಡ್ರಿ, 45-100 ಸಾಕು. ರೇಟ್ ಜಾಸ್ತಿ, ಆದ್ರ ವರ್ಷಗಟ್ಟಲೆ ಬರ್ತಾವ. ಸ್ಲ್ಯಾಪ್ (ಹೆಬ್ಬೆಟ್ಟಿಲೆ ತಂತಿ ಬಡಿದು ಬಾರಿಸೋದು) ಮಾಡೋರಿಗೆ ಸೇರಂಗಿಲ್ಲ, ಅಂಥವ್ರಿಗೆ ಸ್ಟೀಲ್ ರೌಂಡ್‌ವೌಂಡ್ ಚಲೋ.

ಟಿಳಕವಾಡಿ ಬೇಸ್:
ಹೌದ್ರಿ. ಫ್ಲಾಟ್ ಸಾಮಾನ್ಯವಾಗಿ ಬಿಗಿ ಜಾಸ್ತಿ, ಹಾಕಿದ ಮ್ಯಾಲ ನೆಕ್ಕೂ ಇಂಟೊನೇಷನ್ನೂ (ಫ್ರೆಟ್ ಒತ್ತಿದಾಗ ಸ್ವರ ಬರೋಬರಿ ಬರೋದು) ಮತ್ತ ನೋಡ್ಬೇಕು. ತಮ್ಮಾ, 12 ನೇ ಫ್ರೆಟ್ ಮ್ಯಾಲ ಒತ್ತಿದ್ದು ಶಾರ್ಪ್ (ಸ್ವರ ಏರಿ) ಬಂದ್ರ ಸ್ಯಾಡಲ್ ಹಿಂದ, ಫ್ಲಾಟ್ (ಸ್ವರ ಇಳಿದು) ಬಂದ್ರ ಮುಂದ ಸರಿಸು.

ಬಾಗಲಕೋಟಿ ಬೇಸ್:
ಅಣ್ಣಾರ, ಖರೇರಿ, ಮೊದ್ಲ ಕತ್ತರಿಸಿದ್ದೆ, ಇ ಒಂದ ಉದ್ದ ಭಾಳ ಇತ್ತು. ಒಂದು ಬಿಡಿ ತಂತಿ ತರಿಸಿ ನೀವು ಹೇಳಿದಂಗ ಹಾಕಿದೆ, ಈಗ ಎದಿಗೆ ಬಡಿಯೋವಂಗ ಬರ್ತೈತಿ. ರಾಡ್ ಕಾಲ್ ಸುತ್ತು ಬಿಟ್ಟು ಎರಡು ರಾತ್ರಿ ಕಾದೆ, ಝರ್ ಹೋತು. ಪಿಕಪ್ ಇಳಿಸಿದ ಮ್ಯಾಲ ಮುಳ್ಳೂ ನಿಂತೈತಿ. ಒಂದ ಉಳದೈತ್ರಿ, ಜಿ ತಂತಿ 5 ನೇ ಫ್ರೆಟ್ ಬಾರಿಸಿದ್ರ ಜಲ್ದಿ ಆರಿ ಹೋಗ್ತೈತಿ.

ಟಿಳಕವಾಡಿ ಬೇಸ್:
ಅದು ಡೆಡ್ ಸ್ಪಾಟ್, ಆ ಸ್ವರಕ್ಕ ನೆಕ್ ತಾನೂ ನಡುಗಿ ತಂತಿ ಶಕ್ತಿ ನುಂಗ್ತೈತಿ, ಭಾರೀ ರೇಟಿನ ಬೇಸ್‌ನ್ಯಾಗೂ ಇರ್ತೈತಿ, ಪಿಕಪ್ ಹಾಕಿದ್ರ ಹೋಗಂಗಿಲ್ಲ. ಹೆಡ್‌ಸ್ಟಾಕ್‌ಗೆ (ನೆಕ್ ತುದಿಗೆ, ಕೀ ಇರೋ ಕಡೆ) ಒಂದು ಸಣ್ಣ ಕ್ಲಾಂಪ್ ಹಚ್ಚಿ ನೋಡು, ಭಾರ ಬಿದ್ರ ಜಾಗಾ ಸರೀತೈತಿ. ಆ ಜಾಗಾದ ಸ್ವರ ಸಿ (C), ಉದ್ದ ಹಿಡಿಯೋ ಸಿ ಬಂದಾಗ ಡಿ ತಂತಿ 10 ನೇ ಫ್ರೆಟ್ ಮ್ಯಾಲ ಹಿಡಿ, ಸ್ವರ ಅದೇ.